ಬಾತುಕೋಳಿಗೆ ಪ್ರೋಬಯಾಟಿಕ್ ಪುಡಿ, ಗಿಡಮೂಲಿಕೆ ಟಾನಿಕ್: ಒಂದು ಉಳಿಯಿತು, ಒಂದು ಹೋಯಿತು

ಬಾತುಕೋಳಿಗೆ ಅಂತಲೇ ಮಾಡಿದ ಸಪ್ಲಿಮೆಂಟ್ ಸಿಗುವುದು ಅಪರೂಪ. ಡಬ್ಬದ ಮೇಲೆ ದೊಡ್ಡದಾಗಿ ಕೋಳಿ ಚಿತ್ರ ಇರುತ್ತದೆ. ಹಿಂದುಗಡೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ, ‘ಬಾತುಕೋಳಿಗಳಿಗೂ ಕೊಡಬಹುದು’ ಅಂತ ಒಂದು ಸಾಲು. ಆ ಒಂದು ಸಾಲು ನಂಬಿ ನಾನು ಎರಡು ಸಾಮಾನು ತರಿಸಿದೆ. ಒಂದು ಪ್ರೋಬಯಾಟಿಕ್ ಪುಡಿ, ಅಂದರೆ ಕರುಳಿಗೆ ಒಳ್ಳೆಯ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿ, ಇನ್ನೊಂದು ಗಿಡಮೂಲಿಕೆ ಲಿವರ್ ಟಾನಿಕ್. ಪುಡಿಯನ್ನು ಈಗಲೂ ಬಳಸುತ್ತಿದ್ದೇನೆ. ಟಾನಿಕ್ ನಿಲ್ಲಿಸಿದ್ದೇನೆ. ಯಾಕೆ ಅಂತ ಬರೆಯುತ್ತೇನೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇಂಥ ಪುಡಿ, ಇಂಥ ಟಾನಿಕ್ ಹತ್ತಾರು ಹೆಸರಲ್ಲಿ ಬರುತ್ತವೆ, ಒಳಗಿರುವುದು ಹೆಚ್ಚುಕಡಿಮೆ ಒಂದೇ. ಲೇಬಲ್ ಓದುವುದು ಗೊತ್ತಿದ್ದರೆ ಹೆಸರು ಯಾವುದಾದರೇನು?

ನಮ್ಮ ಶೆಡ್‌ನಲ್ಲಿ ಮೊಟ್ಟೆಗೆ ಖಾಕಿ ಕ್ಯಾಂಪ್‌ಬೆಲ್ ಇವೆ, ಮಾಂಸಕ್ಕೆ ಬಿಳಿ ಪೆಕಿನ್. ಪೆಕಿನ್ ಆರೇಳು ವಾರದಲ್ಲಿ 3 ಕೆಜಿ ಹತ್ತಿರ ಬರುವ ತಳಿ. ಅದಕ್ಕೆ ತಿನ್ನುವುದೇ ಉದ್ಯೋಗ. ಖಾಕಿ ಹಾಗಲ್ಲ, ಓಡಾಡಿಕೊಂಡು ಹುಳ ಹುಪ್ಪಟೆ ಹುಡುಕುತ್ತದೆ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಕೊಡುತ್ತದೆ. ಎರಡಕ್ಕೂ ಇವುಗಳನ್ನು ಕೊಟ್ಟು ನೋಡಿದ್ದೇನೆ.

ಮೊದಲು ಪುಡಿಯ ವಿಷಯ. ಪೊಟ್ಟಣ ಬಿಚ್ಚಿದರೆ ಕೆನೆ ಬಣ್ಣದ ನುಣ್ಣನೆ ಪುಡಿ, ಮೂಗಿಗೆ ಸ್ವಲ್ಪ ಯೀಸ್ಟ್ ವಾಸನೆ. ಲೇಬಲ್‌ನಲ್ಲಿ ನಾಲ್ಕು ಹೆಸರು: ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಲ್ಯಾಕ್ಟೋಬ್ಯಾಸಿಲಸ್ ಅಸಿಡೋಫಿಲಸ್, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಮೊದಲಿನ ಮೂರು ಬ್ಯಾಕ್ಟೀರಿಯಾ, ಕೊನೆಯದು ಯೀಸ್ಟ್. ಪಕ್ಕದಲ್ಲಿ ಗ್ರಾಂಗೆ 100 ಕೋಟಿ ಸಿ.ಎಫ್.ಯು. ಅಂತ ಬರೆದಿದೆ. ಅಂದರೆ ಬೆಳೆದು ಮರಿ ಹಾಕಬಲ್ಲ ಜೀವಂತ ಕಣಗಳ ಲೆಕ್ಕ. ಸಂಖ್ಯೆ ದೊಡ್ಡದು ಅಂತ ಬೆರಗಾಗಬೇಡಿ, ಬ್ಯಾಕ್ಟೀರಿಯಾ ಲೋಕದಲ್ಲಿ ಕೋಟಿ ಅನ್ನುವುದು ಚಿಲ್ಲರೆ. ನೋಡಬೇಕಾದ್ದು ಬೇರೆ: ಆ ಸಂಖ್ಯೆ ತಯಾರಾದ ದಿನದ್ದೋ, ಎಕ್ಸ್‌ಪೈರಿ ದಿನದವರೆಗೂ ಗ್ಯಾರಂಟಿಯೋ? ಹೆಚ್ಚಿನ ಲೇಬಲ್‌ಗಳು ಇಲ್ಲಿ ಬಾಯಿ ಬಿಡುವುದಿಲ್ಲ. ನಾನು ತಂದಿದ್ದರಲ್ಲಿ ‘ಎಕ್ಸ್‌ಪೈರಿವರೆಗೆ’ ಅಂತ ಸ್ಪಷ್ಟವಾಗಿ ಇತ್ತು. ಅದನ್ನೇ ನೋಡಿ ಆರಿಸಿದ್ದು.

ನಾಲ್ಕು ಹೆಸರಲ್ಲಿ ಬ್ಯಾಸಿಲಸ್ ಎರಡೂ ಗಟ್ಟಿ ಜೀವಿಗಳು. ಪರಿಸ್ಥಿತಿ ಸರಿಯಿಲ್ಲದಿದ್ದರೆ ಬೀಜಕದ ರೂಪಕ್ಕೆ ಹೋಗಿ ಕೂರುತ್ತವೆ. ಬಿಸಿ, ಒಣ ಗಾಳಿ, ಹೊಟ್ಟೆಯ ಆಮ್ಲ ಎಲ್ಲವನ್ನೂ ತಡೆದುಕೊಳ್ಳುತ್ತವೆ. ಫೀಡ್ ಮಿಲ್‌ನಲ್ಲಿ ಹಿಟ್ಟನ್ನು ಒತ್ತಿ ಪೆಲೆಟ್ (ಗುಳಿಗೆ) ಮಾಡುವಾಗ ಬರುವ ಬಿಸಿಯನ್ನೂ ತಾಳುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಬಹಳ ನಾಜೂಕು. ಬಿಸಿಲಲ್ಲಿ ಪೊಟ್ಟಣ ಮರೆತರೆ ಅದರ ಕಥೆ ಮುಗಿಯಿತು. ಆದ್ದರಿಂದ ಬರೀ ಲ್ಯಾಕ್ಟೋಬ್ಯಾಸಿಲಸ್ ಇರುವ ಪುಡಿಯನ್ನು ಶೆಡ್‌ನ ಕಪಾಟಿನಲ್ಲಿ ಇಟ್ಟುಕೊಂಡು ಬಳಸುತ್ತೇನೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ಬ್ಯಾಸಿಲಸ್ ಇರುವುದನ್ನೇ ತೆಗೆದುಕೊಳ್ಳಿ.

ಬ್ಯಾಕ್ಟೀರಿಯಾ ತಿನ್ನಿಸಿ ರೋಗ ತಡೆಯುವುದು ಎಂದರೆ ಮೊದಲಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಇದಕ್ಕೆ ಹಳೆಯ ಆಧಾರ ಇದೆ. 1973ರಲ್ಲಿ ಫಿನ್ಲೆಂಡ್‌ನ ನುರ್ಮಿ ಮತ್ತು ರಂಟಾಲಾ ಎನ್ನುವವರು ದೊಡ್ಡ ಕೋಳಿಯ ಕರುಳಿನೊಳಗಿನ ಪದಾರ್ಥವನ್ನು ಎಳೆಮರಿಗಳಿಗೆ ಕೊಟ್ಟು ನೋಡಿದರು. ಆ ಮರಿಗಳಲ್ಲಿ ಸಾಲ್ಮೊನೆಲ್ಲಾ ಎಂಬ ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆ ಊರಲಿಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದು ಕೂತರೆ ಕೆಟ್ಟದ್ದಕ್ಕೆ ಸೀಟು ಸಿಗುವುದಿಲ್ಲ, ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ. ಇನ್‌ಕ್ಯುಬೇಟರ್‌ನಲ್ಲಿ 28 ದಿನ ಕಳೆದು ಹೊರಬಂದ ಬಾತುಮರಿ ತಾಯಿಯನ್ನೇ ನೋಡಿರುವುದಿಲ್ಲ. ತಾಯಿಯ ಗೂಡು, ತಾಯಿಯ ಹಿಕ್ಕೆ, ತಾಯಿ ಕೆದಕಿದ ಕೆಸರು, ಯಾವುದೂ ಅದಕ್ಕೆ ಸಿಕ್ಕಿಲ್ಲ. ಕರುಳು ಖಾಲಿ. ಈ ಪುಡಿಗೆ ನಿಜವಾದ ಕೆಲಸ ಇರುವುದು ಅಲ್ಲಿ, ಮೊದಲ ದಿನಗಳಲ್ಲಿ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಪೊಟ್ಟಣದ ಮೇಲೆ ‘ಕುಡಿಯುವ ನೀರಿನಲ್ಲಿ ಬೆರೆಸಿ ಕೊಡಿ’ ಎಂದು ಬರೆದಿದೆ. ಬರೆದವರು ಬಾತುಕೋಳಿ ತಿನ್ನುವುದನ್ನು ಒಮ್ಮೆಯೂ ನಿಂತು ನೋಡಿಲ್ಲ ಎಂದು ನನ್ನ ಗುಮಾನಿ.

ನೀವು ನೋಡಿ. ಬಾತು ಒಂದು ಬಾಯಿ ಫೀಡ್ ತೆಗೆದುಕೊಳ್ಳುತ್ತದೆ. ಅಲ್ಲೇ ನುಂಗುವುದಿಲ್ಲ. ಕೊಕ್ಕಿನ ಎರಡು ಬದಿಯಲ್ಲಿ ಹಿಟ್ಟು ಮೆತ್ತಿಕೊಂಡೇ ನೀರಿನ ಕಡೆ ಓಡುತ್ತದೆ. ಕೊಕ್ಕನ್ನು ಕಣ್ಣಿನವರೆಗೂ ಮುಳುಗಿಸಿ ಗುಳುಗುಳು ಅಂತ ಗಾಳಿ ಬಿಡುತ್ತದೆ, ಮೂಗಿನ ತೂತು ತೊಳೆದುಕೊಳ್ಳುವುದಕ್ಕೆ. ತಲೆ ಎತ್ತಿ ಒಂದು ಸಲ ಕೊಡವುತ್ತದೆ. ಅರ್ಧ ನೀರು ಪಕ್ಕದಲ್ಲಿರುವ ಬಾತಿನ ಬೆನ್ನಿಗೆ. ಮತ್ತೆ ಫೀಡ್, ಮತ್ತೆ ನೀರು. ಸ್ವಲ್ಪ ಹೊತ್ತಿಗೆ ಆ ಪಾತ್ರೆಯಲ್ಲಿ ಗಂಜಿ ನಿಂತಿರುತ್ತದೆ. ಆಮೇಲೆ ಒಂದು ಮರಿ ಪಾತ್ರೆಯೊಳಗೇ ಇಳಿದು ಕೂರುತ್ತದೆ. ಇಂಥ ನೀರಿಗೆ ಅಳತೆ ಮಾಡಿ ಬ್ಯಾಕ್ಟೀರಿಯಾ ಹಾಕುವುದು ಅಂದರೆ ಲಿಟರ್‌ಗೆ, ಅಂದರೆ ನೆಲಕ್ಕೆ ಹಾಸಿದ ಹೊಟ್ಟಿಗೆ, ಪ್ರೋಬಯಾಟಿಕ್ ಕೊಟ್ಟ ಹಾಗೆ ಆಯಿತು. ಕೋಳಿಗಾದರೆ ನಿಪ್ಪಲ್ ಡ್ರಿಂಕರ್ ಇರುತ್ತದೆ, ಒಂದೊಂದೇ ಹನಿ ಕುಡಿಯುತ್ತದೆ, ಲೆಕ್ಕ ಸಿಗುತ್ತದೆ. ಬಾತಿಗೆ ತಲೆ ಮುಳುಗಿಸುವಷ್ಟು ನೀರು ಬೇಕೇ ಬೇಕು. ಇಲ್ಲದಿದ್ದರೆ ಕಣ್ಣು, ಮೂಗು ಕಟ್ಟಿಕೊಳ್ಳುತ್ತವೆ.

ಇನ್ನೊಂದು ವಿಷಯ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು. ಒಳ್ಳೆಯದು ಕೆಟ್ಟದ್ದು ಅಂತ ಅದು ಕೇಳುವುದಿಲ್ಲ. ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಬಹಳಷ್ಟು ಹೋಗುತ್ತದೆ. ಆದರೆ ಕೆಲವು ಕಡೆ ನೀರಿಗೆ ಕ್ಲೋರಮೈನ್ ಹಾಕುತ್ತಾರೆ, ಅದು ಹಾಗೆ ಹೋಗುವುದಿಲ್ಲ. ಪೊಟ್ಟಣದಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ.

ಹಾಗಾಗಿ ನಾನು ಪುಡಿಯನ್ನು ಫೀಡ್‌ಗೇ ಹಾಕುತ್ತೇನೆ. ಪ್ರಮಾಣ ಟನ್‌ಗೆ 500 ಗ್ರಾಂ ಎಂದು ಬರೆದಿದೆ. ಟನ್ ಲೆಕ್ಕ ನಮ್ಮಂಥ ಸಣ್ಣವರಿಗೆ ಏನು ಪ್ರಯೋಜನ, ಅಲ್ವಾ? ಕೆಜಿಗೆ ಅರ್ಧ ಗ್ರಾಂ ಎಂದು ಇಟ್ಟುಕೊಳ್ಳಿ. 10 ಕೆಜಿಗೆ 5 ಗ್ರಾಂ. ಐದು ಗ್ರಾಂ ಪುಡಿಯನ್ನು ಸೀದಾ ಹತ್ತು ಕೆಜಿಗೆ ಸುರಿದು ಸಲಿಕೆಯಲ್ಲಿ ಕಲೆಸಿದರೆ ಒಂದು ಬಾತಿಗೆ ಎಲ್ಲಾ ಸಿಗುತ್ತದೆ, ಇನ್ನೊಂದಕ್ಕೆ ಏನೂ ಇಲ್ಲ. ಮೊದಲು ಒಂದೆರಡು ಹಿಡಿ ಹಿಟ್ಟಿನಲ್ಲಿ ಪುಡಿ ಕಲೆಸಬೇಕು. ಅದನ್ನು ಒಂದು ಕೆಜಿ ಫೀಡ್‌ಗೆ, ಆಮೇಲೆ ಉಳಿದ ಒಂಬತ್ತು ಕೆಜಿಗೆ. ಪೆಲೆಟ್ ಆದರೆ ಕೆಜಿಗೆ ಒಂದು ಚಮಚ ಎಣ್ಣೆ ಸವರಿ, ಮೇಲೆ ಪುಡಿ ಉದುರಿಸಿ ಉರುಳಿಸುತ್ತೇನೆ. ಎಣ್ಣೆ ಇಲ್ಲದೆ ಹಾಕಿದರೆ ಪುಡಿ ಎಲ್ಲಾ ಚೀಲದ ತಳಕ್ಕೆ ಇಳಿಯುತ್ತದೆ.

ಮರಿಗಳಿಗೆ ಕ್ರಂಬಲ್‌ಗೆ (ನುಚ್ಚು ಮಾಡಿದ ಪೆಲೆಟ್‌ಗೆ) ನೀರು ಚಿಮುಕಿಸಿ, ಉಂಡೆ ಕಟ್ಟುವಷ್ಟು ಒದ್ದೆ ಮಾಡಿ ಕೊಡುತ್ತೇನೆ. ಒಣ ನುಣ್ಣನೆ ಮ್ಯಾಶ್ ಬಾತಿಗೆ ಆಗಿಬರುವುದಿಲ್ಲ, ಕೊಕ್ಕಿಗೆ ಅಂಟಿಕೊಂಡು ನಿಲ್ಲುತ್ತದೆ, ಫೀಡ್ ದಂಡ. ಒದ್ದೆ ಮಾಡಿದ್ದನ್ನು ಮಾತ್ರ ಒಂದೇ ಹೊತ್ತಿಗೆ ಮುಗಿಯುವಷ್ಟು ಹಾಕಬೇಕು. ಮಧ್ಯಾಹ್ನದವರೆಗೂ ಬಿಟ್ಟರೆ ಹುಳಿ ಬರುತ್ತದೆ, ಬೂಸು ಹಿಡಿಯುತ್ತದೆ. ಆಗ ನಾವು ಹಾಕಿದ ಬ್ಯಾಕ್ಟೀರಿಯಾಕ್ಕಿಂತ ತಾನಾಗಿ ಬಂದದ್ದೇ ಜಾಸ್ತಿ.

ಫಲಿತಾಂಶ ಏನು? ಒಂದೇ ಹ್ಯಾಚ್‌ನ ಪೆಕಿನ್ ಮರಿಗಳನ್ನು ಮಧ್ಯೆ ಜಾಲರಿ ಕಟ್ಟಿ ಎರಡು ಭಾಗ ಮಾಡಿದ್ದೆ. ಒಂದು ಕಡೆ ಪುಡಿ, ಒಂದು ಕಡೆ ಇಲ್ಲ. ಪ್ರಯೋಗಾಲಯದ ಶಿಸ್ತು ಇದರಲ್ಲಿ ಇರಲಿಲ್ಲ ಬಿಡಿ. ನನ್ನ ಚಪ್ಪಲಿಯೇ ಆಚೆಯ ಹಿಕ್ಕೆಯನ್ನು ಈಚೆ ತರುತ್ತದೆ. ಆದರೂ ಕಣ್ಣಿಗೆ ಕಂಡ ವ್ಯತ್ಯಾಸ ಒಂದಿದೆ: ಪುಡಿ ತಿಂದ ಕಡೆ ಹಿಂಭಾಗಕ್ಕೆ ಹಿಕ್ಕೆ ಮೆತ್ತಿಕೊಂಡ ಮರಿಗಳು ಕಡಿಮೆ. ಮೂಗಿಗೂ ಒಂದು ವ್ಯತ್ಯಾಸ ಗೊತ್ತಾಯಿತು. ಬೆಳಿಗ್ಗೆ ಬಾಗಿಲು ತೆಗೆದಾಗ ಕಣ್ಣು ಉರಿಸುವ ಅಮೋನಿಯಾ ಘಾಟು ಆ ಕಡೆ ಸ್ವಲ್ಪ ಕಡಿಮೆ. ಆದರೆ ಪುಡಿ ಹಾಕಿದರೆ ಲಿಟರ್ ಒಣಗಿಯೇ ಇರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಬಾತಿನ ಹಿಕ್ಕೆಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಪುಡಿ ಹಾಕಿದರೂ ಹೊಟ್ಟು ಬದಲಿಸುವ ಕೆಲಸ ತಪ್ಪಲಿಲ್ಲ.

ತೂಕದಲ್ಲಿ ಎರಡೂ ಕಡೆ ನನಗೆ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಖಾಕಿಗಳ ಮೊಟ್ಟೆ ಏರಲಿಲ್ಲ, ಇಳಿಯಲೂ ಇಲ್ಲ. ಆರೋಗ್ಯವಾಗಿ, ಚೊಕ್ಕಟವಾಗಿ ಇರುವ ದೊಡ್ಡ ಬಾತಿಗೆ ಇದರಿಂದ ಹೆಚ್ಚೇನೂ ಆಗುವುದಿಲ್ಲ ಎಂದು ನನ್ನ ಅನಿಸಿಕೆ. ಅದರ ಕರುಳಿನಲ್ಲಿ ಸೀಟು ಆಗಲೇ ಭರ್ತಿ. ಈಗ ನಾನು ಮೂರು ಸಂದರ್ಭದಲ್ಲಿ ಮಾತ್ರ ಕೊಡುತ್ತೇನೆ: ಮರಿ ಬಂದ ಮೊದಲ ವಾರಗಳು, ಸಾಗಣೆ ಅಥವಾ ಶೆಡ್ ಬದಲಾವಣೆಯಾದಾಗ, ಮತ್ತೆ ಪಶುವೈದ್ಯರು ಬರೆದುಕೊಟ್ಟ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿದ ಮೇಲೆ. ಕೋರ್ಸ್ ನಡೆಯುವಾಗ ಕೊಡುವುದು ಸುಮ್ನೆ ದಂಡ. ಆ್ಯಂಟಿಬಯಾಟಿಕ್ ಇದನ್ನೂ ಸಾಯಿಸುತ್ತದೆ.

ಅಂದಹಾಗೆ ಇಂಥ ಪುಡಿಗಳ ಮಾರುಕಟ್ಟೆ ಇಷ್ಟು ಬೆಳೆಯಲು ಆ್ಯಂಟಿಬಯಾಟಿಕ್ಕೇ ಕಾರಣ. ಬೇಗ ತೂಕ ಬರಲಿ ಅಂತ ಫೀಡ್‌ಗೆ ಸಣ್ಣ ಪ್ರಮಾಣದಲ್ಲಿ ಆ್ಯಂಟಿಬಯಾಟಿಕ್ ಹಾಕುವ ರೂಢಿ ಹಿಂದೆ ಎಲ್ಲಾ ಕಡೆ ಇತ್ತು. ಸ್ವೀಡನ್ 1986ರಲ್ಲಿ ಇದನ್ನು ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಪೂರ್ತಿ ನಿಷೇಧಿಸಿತು. ಜಗತ್ತಿನಲ್ಲಿ ಅತಿ ಹೆಚ್ಚು ಬಾತು ಸಾಕುವ ಚೀನಾ 2020ರಲ್ಲಿ ಅದೇ ದಾರಿ ಹಿಡಿಯಿತು. ಖಾಲಿಯಾದ ಆ ಜಾಗಕ್ಕೆ ಪ್ರೋಬಯಾಟಿಕ್ ಬಂತು, ಗಿಡಮೂಲಿಕೆ ಬಂತು, ಎರಡನ್ನೂ ಸೇರಿಸಿದ ಕಾಂಬೋ ಪ್ಯಾಕ್ ಕೂಡ ಬಂತು.

ಇನ್ನು ಟಾನಿಕ್. ಕಡು ಕಂದು ಬಣ್ಣ, ಮುಚ್ಚಳ ತೆಗೆದರೆ ಕಷಾಯದ ಘಾಟು. ಲೇಬಲ್‌ನಲ್ಲಿ ನೆಲನೆಲ್ಲಿ, ನೆಲಬೇವು, ಅರಿಶಿನ, ಭೃಂಗರಾಜ, ಬೆಳ್ಳುಳ್ಳಿ ಅಂತ ಉದ್ದದ ಪಟ್ಟಿ. ಓದಲು ಚೆಂದ. ಆದರೆ ಯಾವುದು ಎಷ್ಟು? ಒಂದಕ್ಕೂ ಪ್ರಮಾಣ ಹಾಕಿಲ್ಲ. ಎಲೆಯೋ ಬೇರೋ, ಪುಡಿಯೋ ಸಾರವೋ, ಅದೂ ಇಲ್ಲ. ಕೊನೆಗೆ ‘ಸಾರ್ಬಿಟಾಲ್ ಬೇಸ್’ ಅಂತ ಇದೆ, ಅಂದರೆ ಸಿಹಿ ಪಾನಕ. ಬಾಟಲಿಯಲ್ಲಿ ಜಾಸ್ತಿ ಇರುವುದು ಅದೇ ಇರಬೇಕು.

ಎರಡೂ ಕಂಪನಿಗೆ ಒಂದೇ ಥರದ ಪ್ರಶ್ನೆ ಕಳಿಸಿದೆ: ಒಳಗೆ ಇರುವುದು ಎಷ್ಟು, ಅಳೆದಿದ್ದೀರಾ? ಪುಡಿಯವರು ಆ ಬ್ಯಾಚ್‌ನ ಪರೀಕ್ಷೆ ವರದಿ ಕಳಿಸಿದರು. ಟಾನಿಕ್‌ನವರಿಂದ ಹಸಿರು ಎಲೆ, ನಗುವ ಬಾತು ಇರುವ ಒಂದು ಪೋಸ್ಟರ್ ಬಂತು. ಮತ್ತೆ ಕೇಳಿದೆ. ‘ಎಲ್ಲಾ ನೈಸರ್ಗಿಕ ಮೇಡಂ, ಸೈಡ್ ಎಫೆಕ್ಟ್ ಇಲ್ಲ’ ಅಂದರು. ನಾನು ಕೇಳಿದ್ದು ಎಫೆಕ್ಟ್ ಇದೆಯಾ ಅಂತ.

ಬಾತುಗಳಿಗೆ ಕಹಿಯ ಬಗ್ಗೆ ತಕರಾರಿಲ್ಲ, ಅದನ್ನು ಮಾತ್ರ ಹೇಳಬೇಕು. ಅವುಗಳ ಬಾಯಲ್ಲಿ ರುಚಿ ಮೊಗ್ಗು ಇರುವುದು ಕೆಲವು ನೂರು ಮಾತ್ರ, ನಮಗೆ ಸಾವಿರಾರು. ಟಾನಿಕ್ ಬೆರೆಸಿದ ಫೀಡನ್ನು ಅವು ಮುಖ ತಿರುಗಿಸದೆ ತಿಂದವು.

ಲಿವರ್ ಟಾನಿಕ್ ಅನ್ನು ಬಾತು ಸಾಕುವವರಿಗೆ ಮಾರಲು ಒಂದು ಕಾರಣ ಇದೆ. ಅದು ಗೊತ್ತಿದ್ದರೆ ಟಾನಿಕ್ ಯಾಕೆ ಬೇಡ ಅನ್ನುವುದೂ ತಿಳಿಯುತ್ತದೆ. ಬೂಸು ಹಿಡಿದ ಕಾಳು, ಹಿಂಡಿಯಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಯಾವ ರೋಗ ಅಂತ ತಿಳಿಯದೆ ‘ಟರ್ಕಿ ಎಕ್ಸ್’ ಅಂತ ಕರೆದರು. ಬಾತುಮರಿಗಳೂ ಸತ್ತವು. ಹುಡುಕುತ್ತಾ ಹೋದರೆ ಫೀಡ್‌ಗೆ ಹಾಕಿದ ಕಡಲೆಕಾಯಿ ಹಿಂಡಿಯಲ್ಲಿ ವಿಷ ಸಿಕ್ಕಿತು. ಅಫ್ಲಾಟಾಕ್ಸಿನ್ ಪತ್ತೆಯಾದದ್ದೇ ಹಾಗೆ. ಆಮೇಲೆ ಈ ವಿಷ ಪರೀಕ್ಷೆ ಮಾಡಲು ಒಂದು ದಿನದ ಬಾತುಮರಿಯನ್ನೇ ಬಳಸುತ್ತಿದ್ದರು. ಯಾಕೆಂದರೆ ಅದರಷ್ಟು ಬೇಗ ಲಿವರ್ ಕೆಡಿಸಿಕೊಳ್ಳುವ ಹಕ್ಕಿ ಇನ್ನೊಂದಿಲ್ಲ ಅನ್ನುವಷ್ಟು ಅದು ಸೂಕ್ಷ್ಮ. ಕೋಳಿಮರಿ ತಡೆದುಕೊಳ್ಳುವ ಫೀಡ್ ಬಾತುಮರಿಯನ್ನು ಕೊಲ್ಲಬಹುದು.

ಈ ವಿಷ ಬೇಯಿಸಿದರೆ ಹೋಗುವುದಿಲ್ಲ. ಮತ್ತೆ ಬಿಸಿಲಿಗೆ ಹಾಕಿದರೆ ಬೂಸು ಒಣಗುತ್ತದೆ, ಆಗಲೇ ಸೇರಿಕೊಂಡ ವಿಷ ಅಲ್ಲೇ ಇರುತ್ತದೆ. ಅಂಥ ಫೀಡ್ ತಿನ್ನಿಸಿ ಮೇಲೆ ನೆಲನೆಲ್ಲಿ ರಸ ಕೊಟ್ಟರೆ ಏನು ಬಂತು? ಚೀಲವನ್ನು ನೆಲದಿಂದ ಎತ್ತಿ ಹಲಗೆ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ. ಕೈ ಹಾಕಿದಾಗ ಬೆಚ್ಚಗಿದ್ದರೆ, ಗಂಟು ಗಂಟಾಗಿದ್ದರೆ, ಮುಗ್ಗಲು ವಾಸನೆ ಬಂದರೆ ಬಾತಿಗೆ ಹಾಕಲೇಬೇಡಿ. ಅನುಮಾನ ಇರುವವರಿಗೆ ಟಾಕ್ಸಿನ್ ಬೈಂಡರ್ ಅಂತ ಬರುತ್ತದೆ, ಬೆಂಟೊನೈಟ್ ಥರದ ಜೇಡಿಮಣ್ಣು. ಅದು ಕರುಳಿನಲ್ಲೇ ಅಫ್ಲಾಟಾಕ್ಸಿನ್ ಹಿಡಿದು ಹಿಕ್ಕೆಯ ಜೊತೆ ಹೊರಗೆ ಕಳಿಸುತ್ತದೆ. ಲಿವರ್ ಉಳಿಸುವ ಮಾತಾದರೆ ನನ್ನ ಓಟು ಆ ಮಣ್ಣಿಗೆ.

ಗಿಡಮೂಲಿಕೆ ಎಲ್ಲಾ ಬೋಗಸ್ ಅಂತ ನಾನು ಹೇಳುವುದಿಲ್ಲ. ಬೆಳ್ಳುಳ್ಳಿಯ ಅಲಿಸಿನ್, ಒರೆಗಾನೊ ಎಣ್ಣೆಯ ಕಾರ್ವಕ್ರಾಲ್ ಬ್ಯಾಕ್ಟೀರಿಯಾ ಕೊಲ್ಲುವುದು ಪರೀಕ್ಷೆಗಳಲ್ಲಿ ಕಂಡಿದೆ. ಪ್ರಮಾಣ ಬರೆದ, ಇಂತಿಷ್ಟು ಕಾರ್ವಕ್ರಾಲ್ ಅಂತ ಲೇಬಲ್ ಇರುವ ಉತ್ಪನ್ನ ಸಿಕ್ಕರೆ ಪ್ರಯತ್ನಿಸಬಹುದು. ಆದರೆ ನನಗೊಂದು ಸಂಶಯ: ಬ್ಯಾಕ್ಟೀರಿಯಾ ಕೊಲ್ಲುವ ಎಣ್ಣೆ, ಜೀವಂತ ಬ್ಯಾಕ್ಟೀರಿಯಾ, ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿ ಕಾಂಬೋ ಅಂತ ಮಾರುವವರು ಒಳಗೆ ಏನು ನಡೆಯುತ್ತದೆ ಅಂತ ನೋಡಿದ್ದಾರಾ? ಅರಿಶಿನದ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಸೇರುವುದೇ ತೀರಾ ಕಡಿಮೆ. ‘ಮೊಟ್ಟೆಯ ಹಳದಿಗೆ ಒಳ್ಳೆ ಬಣ್ಣ’ ಅನ್ನುವ ಮಾತೂ ಆ ಬಾಟಲಿ ಮೇಲಿತ್ತು. ಹಳದಿಗೆ ಬಣ್ಣ ಕೊಡುವುದು ಕ್ಸಾಂತೋಫಿಲ್. ಅದು ಹಸಿರು ಸೊಪ್ಪಿನಲ್ಲಿ, ಮುಸುಕಿನ ಜೋಳದಲ್ಲಿ, ಚೆಂಡು ಹೂವಿನಲ್ಲಿ ಇದೆ. ನನ್ನ ಖಾಕಿಗಳಿಗೆ ಅಜೋಲಾ (ನೀರಿನ ಮೇಲೆ ತೇಲುವ ಸಣ್ಣ ಹಸಿರು ಗಿಡ) ಹಾಕಿದ ವಾರಗಳಲ್ಲಿ ಕಂಡ ಬಣ್ಣ ಟಾನಿಕ್ ಹಾಕಿದಾಗ ಕಾಣಲಿಲ್ಲ.

ಕೊನೆಗೆ, ಈ ಎರಡೂ ಡಬ್ಬಗಳಲ್ಲಿ ಇಲ್ಲದ ಒಂದು ಸಾಮಾನಿನ ಬಗ್ಗೆ ಹೇಳಲೇಬೇಕು. ಬಾತುಮರಿಗೆ ನಿಯಾಸಿನ್ (ಒಂದು ಬಿ ವಿಟಮಿನ್) ಕೋಳಿಮರಿಗಿಂತ ಜಾಸ್ತಿ ಬೇಕು. ಕೆಜಿ ಫೀಡ್‌ಗೆ 55 ಮಿಲಿಗ್ರಾಂ ಅನ್ನುವುದು ಪೆಕಿನ್ ಮರಿಗೆ ಪುಸ್ತಕದ ಲೆಕ್ಕ, ಬ್ರಾಯ್ಲರ್ ಮರಿಗೆ 35 ಸಾಕು. ಕೋಳಿ ಸ್ಟಾರ್ಟರ್ ಫೀಡನ್ನೇ ಬಾತಿಗೂ ಹಾಕಿದರೆ ಕೆಲವು ಸಲ ಕೊರತೆ ಬೀಳುತ್ತದೆ. ಮರಿಯ ಕಾಲು ಬಿಲ್ಲಿನಂತೆ ಬಾಗುತ್ತದೆ, ಗಂಟು ಊದುತ್ತದೆ, ಎರಡು ಹೆಜ್ಜೆ ಇಟ್ಟು ಕೂತುಬಿಡುತ್ತದೆ. ಇದನ್ನು ನೋಡಿ ಜನ ಕ್ಯಾಲ್ಸಿಯಂ ಕೊಡುತ್ತಾರೆ, ಟಾನಿಕ್ ಕೊಡುತ್ತಾರೆ. ಬೇಕಾಗಿರುವುದು ನಿಯಾಸಿನ್. ಬ್ರೂವರ್ಸ್ ಯೀಸ್ಟ್‌ನಲ್ಲಿ (ಬಿಯರ್ ಮಾಡಲು ಬಳಸುವ ಯೀಸ್ಟ್) ಅದು ಚೆನ್ನಾಗಿದೆ. ‘ಪ್ರೋಬಯಾಟಿಕ್ ಪುಡಿಯಲ್ಲೂ ಯೀಸ್ಟ್ ಇದೆಯಲ್ಲ’ ಅನ್ನಬಹುದು. ಕೆಜಿಗೆ ಅರ್ಧ ಗ್ರಾಂ ಪುಡಿ, ಅದರಲ್ಲಿ ಯೀಸ್ಟ್ ಒಂದು ಪಾಲು. ಅಷ್ಟರಲ್ಲಿ ಬರುವ ನಿಯಾಸಿನ್ ಲೆಕ್ಕಕ್ಕೇ ಇಲ್ಲ. ಬ್ರೂವರ್ಸ್ ಯೀಸ್ಟ್ ಬೇರೆಯಾಗಿಯೇ, ಗ್ರಾಂಗಟ್ಟಲೆ ಹಾಕಬೇಕು.

ಡಕ್ ಪ್ಲೇಗ್, ಕಾಲರಾ, ವೈರಲ್ ಹೆಪಟೈಟಿಸ್ ಥರದ ಕಾಯಿಲೆಗೆ ಇವು ಯಾವುದೂ ಅಡ್ಡ ನಿಲ್ಲುವುದಿಲ್ಲ. ಲಸಿಕೆ ವಿಷಯ ವೈದ್ಯರ ಹತ್ತಿರ ಮಾತಾಡಿ. ‘ರೋಗನಿರೋಧಕ ಶಕ್ತಿ’ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೂ ಅಷ್ಟೇ.

ಪುಡಿಗೆ ನಾನು 5ಕ್ಕೆ 3.5 ಕೊಡುತ್ತೇನೆ. ಕೆಲಸ ಮಾಡುತ್ತದೆ, ವರದಿ ಕೊಡುತ್ತಾರೆ, ಎಕ್ಸ್‌ಪೈರಿಯ ಮಾತು ಪ್ರಾಮಾಣಿಕವಾಗಿದೆ. ನೀರಿಗೆ ಹಾಕಿ ಎನ್ನುವ ಸೂಚನೆಗೆ ಒಂದು ಅಂಕ ಕಟ್. ಇನ್ನರ್ಧ ಪ್ಯಾಕಿಂಗ್‌ಗೆ. ಒಂದು ಕೆಜಿಗಿಂತ ಸಣ್ಣ ಪೊಟ್ಟಣ ಇಲ್ಲ, ಜಿಪ್ ಇಲ್ಲ, ಅಳತೆ ಚಮಚ ಇಲ್ಲ. ತೇವ ತಾಗಿದರೆ ಬೀಜಕಗಳು ಅಕಾಲಕ್ಕೆ ಎದ್ದು ಸಾಯುತ್ತವೆ. ಹಾಗಾಗಿ ನಾನು ಗಾಳಿಯಾಡದ ಸಣ್ಣ ಡಬ್ಬಗಳಿಗೆ ಹಂಚಿ, ಒಂದನ್ನು ಮಾತ್ರ ಬಳಕೆಗೆ ತೆಗೆದು, ಉಳಿದದ್ದನ್ನು ತಣ್ಣನೆ ಜಾಗದಲ್ಲಿ ಇಡುತ್ತೇನೆ. ಬೆರೆಸಿದ ಫೀಡ್ ಕೂಡ ಎರಡು ಮೂರು ದಿನಕ್ಕೆ ಆಗುವಷ್ಟೇ. ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು, ಅಡುಗೆಮನೆ ತಕ್ಕಡಿ ಐದು ಗ್ರಾಂ ಸರಿಯಾಗಿ ತೋರಿಸುವುದಿಲ್ಲ.

ಟಾನಿಕ್‌ಗೆ 1.5. ಆ ಅರ್ಧ ಅಂಕ ಬಾಟಲಿಗೆ. ಮುಚ್ಚಳ ಬಿಗಿಯಾಗಿದೆ, ಅಳತೆ ಗೆರೆ ಸರಿಯಾಗಿದೆ. ಈಗ ಅದರಲ್ಲಿ ಪೆಲೆಟ್‌ಗೆ ಸವರುವ ಎಣ್ಣೆ ತುಂಬಿಟ್ಟಿದ್ದೇನೆ.